ಎಂಟನೆಯ ಕೀಲಿ ಯಾರದು?

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಚಿಕ್ಕಪ್ಪನಿಗೆ ಹೋದ ವರ್ಷ ಹೊಸ ಲ್ಯಾಪ್‌ಟಾಪ್ ಬಂತು. ಹಳೆಯ ಡೆಸ್ಕ್‌ಟಾಪ್ ಸಿಡಿಲಿಗೆ ಸಿಕ್ಕಿ ಸುಟ್ಟುಹೋಗಿತ್ತು. ಮಂಡಿಯ ಸಾಹುಕಾರರು ಉದಾರ ಮನಸ್ಸಿನಿಂದ ತೆಳ್ಳಗಿನ, ಬೆಳ್ಳಿ ಬಣ್ಣದ ಯಂತ್ರವೊಂದನ್ನು ತಂದುಕೊಟ್ಟರು. ಎರಡು ದಿನ ಕಳೆಯುವಷ್ಟರಲ್ಲಿ ನನಗೆ ಫೋನು.

“ಏ ಮಾರಾಯ, ಇದಕ್ಕೆ ಏನೋ ಹಿಡ್ಕೊಂಡಿದೆ. ದುಡ್ಡು ಕೊಟ್ಟೆ ಅಂದ್ರೆ ಕತ್ತಲಾಗ್ತದೆ, ದುಡ್ಡು ಬಂತು ಅಂದ್ರೆ ಬೆಳಕಾಗ್ತದೆ. ಮಾಲು ಮಾರಿದೆ ಅಂದ್ರೆ ಸಾಕು, ನೆಟ್ಟೇ ಹೋಗ್ತದೆ!”

ಒಗಟಿನಂತೆ ಕೇಳಿದರೂ ಇದು ತೀರಾ ನಿಖರವಾದ ದೂರು. ಚಿಕ್ಕಪ್ಪ ಕೆಲಸ ಮಾಡುವುದು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ. ಅಲ್ಲಿ ಎಫ್5 ಒತ್ತಿದರೆ ಪಾವತಿಯ ವೋಚರ್, ಎಫ್6 ಒತ್ತಿದರೆ ಜಮೆ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ. ಹೊಸ ಲ್ಯಾಪ್‌ಟಾಪಿನಲ್ಲಿ ಅವೇ ಕೀಲಿಗಳ ಮೇಲೆ ಕಂಪನಿಯವರು ಬೇರೆ ಚಿತ್ರಗಳನ್ನು ಬರೆದಿದ್ದರು. ಐದನೆಯದು ಪರದೆಯ ಬೆಳಕು ತಗ್ಗಿಸಲು, ಆರನೆಯದು ಹೆಚ್ಚಿಸಲು, ಎಂಟನೆಯದು ವಿಮಾನದ ಗುರುತು. ಶಿವಮೊಗ್ಗದಲ್ಲಿ ಈಗ ವಿಮಾನ ನಿಲ್ದಾಣ ಇದೆ ನಿಜ. ಹಾಗೆಂದು ಮಂಡಿಯ ಗುಮಾಸ್ತ ದಿನಕ್ಕೆ ಅರವತ್ತು ಸಲ ವಿಮಾನ ಹತ್ತುವುದಿಲ್ಲ. ಅರವತ್ತು ಸಲ ಮಾರಾಟದ ಬಿಲ್ಲು ಮಾಡುತ್ತಾನೆ. ಪ್ರತಿ ಬಿಲ್ಲಿಗೂ ಯಂತ್ರ ತನ್ನ ವೈಫೈ ಕಡಿದುಕೊಂಡು ಆಕಾಶಕ್ಕೆ ಸಿದ್ಧವಾಗುತ್ತಿತ್ತು. ಅಂದು ತಿಂಗಳ 11ನೇ ತಾರೀಖು, ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ. ಅವರ ದನಿಯಲ್ಲಿದ್ದ ಗಾಬರಿಗೆ ಅದೂ ಕಾರಣ.

ನಗುತ್ತಲೇ ಫೋನಿಟ್ಟ ನನಗೆ ಆಮೇಲೆ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸವನ್ನು ಒಂದೂ ತಪ್ಪಿಲ್ಲದೆ ಮಾಡಿಕೊಂಡು ಬಂದವರು ಅವರು. ಎಫ್8 ಎಂದರೆ ಮಾರಾಟ ಎಂಬುದು ಅವರ ತಲೆಯಲ್ಲಿ ಇಲ್ಲ, ಬೆರಳಲ್ಲಿದೆ. ಅಡಿಕೆ ಸುಲಿಯುವ ಹೆಂಗಸರು ಮೆಟ್ಟುಗತ್ತಿಯ ಕಡೆ ನೋಡದೆ ಮಾತಾಡಿಕೊಂಡೇ ಸುಲಿಯುತ್ತಾರಲ್ಲ, ಆ ತರಹದ ಅರಿವು. ಒಂದು ರಾತ್ರಿ ಯಾರೋ ಬಂದು ಕತ್ತಿಯ ಅಲಗನ್ನು ಆ ಕಡೆಗೆ ತಿರುಗಿಸಿಟ್ಟು ಹೋದರೆ ಏನಾಗಬೇಕೋ ಅದೇ ಇಲ್ಲಿ ಆಯಿತು.

ಎಫ್ ಸಾಲಿನ ಈ ಫಂಕ್ಷನ್ ಕೀಲಿಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರು ಇದ್ದಾರೆ. ಸೆಟ್ಟಿಂಗ್ ಬದಲಿಸಿದರೆ ಮುಗಿಯಿತಲ್ಲ ಎನ್ನುತ್ತಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಈ ಕೀಲಿ ಏನು ಅನ್ನುವುದನ್ನು ನೋಡಬೇಕು. ಕೀಲಿಮಣೆಯಲ್ಲಿ ಇದರಂಥ ಇನ್ನೊಂದು ಕೀಲಿ ಇಲ್ಲ.

‘ಎ’ ಒತ್ತಿದರೆ ‘ಎ’ ಬರುತ್ತದೆ. ಎಂಟರ್, ಡಿಲೀಟ್, ಶಿಫ್ಟ್ ಎಲ್ಲಕ್ಕೂ ಹುಟ್ಟಿನಿಂದಲೇ ಒಂದು ಕೆಲಸ ಅಂಟಿಕೊಂಡಿದೆ. ಎಫ್1ರಿಂದ ಎಫ್12ರವರೆಗಿನ ಸಾಲಿಗೆ ಮಾತ್ರ ಹೆಸರಿಲ್ಲ, ಬರೀ ನಂಬರು. ಇದು ಹೆಸರಿಡಲು ಮರೆತದ್ದಲ್ಲ, ಬೇಕೆಂದೇ ಬಿಟ್ಟ ಖಾಲಿ ಜಾಗ. ಐಬಿಎಂ ಕಂಪನಿಯ ದೊಡ್ಡ ಕಂಪ್ಯೂಟರುಗಳಿಗೆ ಜೋಡಿಸುತ್ತಿದ್ದ 3270 ಟರ್ಮಿನಲ್ಲುಗಳಲ್ಲಿ ಇಂಥ ಕೀಲಿಗಳು ಇಪ್ಪತ್ತನಾಲ್ಕರವರೆಗೂ ಇರುತ್ತಿದ್ದವು. ಬ್ಯಾಂಕಿನವರು ಒಂದು ಅರ್ಥ ಕೊಡಬಹುದು, ವಿಮಾನದ ಟಿಕೆಟ್ ಮಾರುವವರು ಇನ್ನೊಂದು. ಕೀಲಿ ಮಾಡಿದವನಿಗೆ ಮುಂದೆ ಯಾರು ಏನು ಕೆಲಸ ಮಾಡುತ್ತಾರೋ ಗೊತ್ತಿಲ್ಲ, ಆ ಗೊತ್ತಿಲ್ಲದಿರುವಿಕೆಯನ್ನು ಅವನು ಒಪ್ಪಿಕೊಂಡಿದ್ದಾನೆ. ನನ್ನ ಮಟ್ಟಿಗೆ ಇದು ಯಂತ್ರ ಕಟ್ಟುವವರಲ್ಲಿ ಅಪರೂಪಕ್ಕೆ ಕಾಣುವ ವಿನಯ.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಈ ಕೀಲಿಗಳು ಹತ್ತೇ ಇದ್ದವು, ಅದೂ ಮೇಲೆ ಅಲ್ಲ, ಎಡಗಡೆ ಎರಡು ಸಾಲಾಗಿ. ಪಕ್ಕದಲ್ಲೇ ಕಂಟ್ರೋಲ್, ಶಿಫ್ಟ್, ಆಲ್ಟ್. ಎಡಗೈ ಒಂದರಲ್ಲೇ ಎರಡು ಕೀಲಿ ಒಟ್ಟಿಗೆ ಒತ್ತಬಹುದಿತ್ತು. ಆ ದಶಕದ ನಡುವೆ ಬಂದ 101 ಕೀಲಿಗಳ ಮಣೆಯಲ್ಲಿ ಅವು ಹನ್ನೆರಡಾಗಿ ಮೇಲಿನ ಸಾಲಿಗೆ ಹೋದವು. ಆಗಲೂ ಜನ ಗೊಣಗಿದರು. ಹಳೆಯ ರೂಢಿ ಬಿಡಲಾಗದವರಿಗಾಗಿ ಎಡಗಡೆಯೇ ಕೀಲಿ ಇಟ್ಟು ನಾರ್ತ್‌ಗೇಟ್ ಎಂಬ ಕಂಪನಿ ಬೇರೆ ಮಣೆ ಮಾಡಿ ಮಾರಿತು. ಗೊಣಗುವುದು ನಮ್ಮಿಂದಲೇ ಶುರುವಾದದ್ದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಆ ಕಾಲದ ವರ್ಡ್‌ಪರ್ಫೆಕ್ಟ್ ಅನ್ನುವ ಬರವಣಿಗೆಯ ತಂತ್ರಾಂಶವನ್ನು ಬಳಸಿದವರಿಗೆ ಒಂದು ಪಟ್ಟಿ ನೆನಪಿರಬಹುದು. ಕೀಲಿಮಣೆಯ ಮೇಲೆ ಕೂರಿಸುವ ಉದ್ದನೆಯ ತುಂಡು ಅದು. ಕೀಲಿ ಒಂದನ್ನೇ ಒತ್ತಿದರೆ ಏನಾಗುತ್ತದೆ ಅನ್ನುವುದು ಕಪ್ಪು ಅಕ್ಷರದಲ್ಲಿ, ಕಂಟ್ರೋಲ್ ಜೊತೆಗಾದರೆ ಕೆಂಪಿನಲ್ಲಿ, ಶಿಫ್ಟ್ ಜೊತೆ ಹಸಿರು, ಆಲ್ಟ್ ಜೊತೆ ನೀಲಿ. ಹತ್ತು ಕೀಲಿಗೆ ನಲವತ್ತು ಕೆಲಸ. ಬೇರೆ ತಂತ್ರಾಂಶ ತೆರೆದಾಗ ಆ ಪಟ್ಟಿ ತೆಗೆದು ಇನ್ನೊಂದನ್ನು ಇಡಬಹುದು. 1986ರ ನಾರ್ಟನ್ ಕಮಾಂಡರ್ ಇನ್ನೂ ಜಾಣತನ ಮಾಡಿತು: ಪರದೆಯ ಕೊನೆಯ ಸಾಲಿನಲ್ಲೇ 5 ಎಂದರೆ ನಕಲು, 8 ಎಂದರೆ ಅಳಿಸು ಎಂದು ಬರೆದು ತೋರಿಸಿತು. ಎರಡರಲ್ಲೂ ಇದ್ದ ತತ್ವ ಒಂದೇ. ಕೀಲಿ ಸುಮ್ಮನಿರುತ್ತದೆ, ಈ ಹೊತ್ತಿಗೆ ಅದರ ಅರ್ಥ ಏನು ಎಂಬುದನ್ನು ಕೆಲಸ ಹೇಳುತ್ತದೆ.

ಟ್ಯಾಲಿ ಹುಟ್ಟಿದ್ದು ಇದೇ ಗಾಳಿಯಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಹೊಂದುವ ತಂತ್ರಾಂಶ ಸಿಗದೆ, ಮಗ ಭರತ್ ಗೋಯೆಂಕಾ ತಾವೇ ಬರೆದರು. 1986ರಲ್ಲಿ ಕಂಪನಿಯಾಯಿತು. ಇಂದಿಗೂ ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಮೌಸ್ ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ಲೆಕ್ಕದವರು ಕೀಲಿಮಣೆಯಿಂದ ಕೈ ಎತ್ತದೆ ದಿನವಿಡೀ ದುಡಿಯಲಿ ಎಂದು ಕಟ್ಟಿದ ವಿನ್ಯಾಸವದು. ಮೌಸ್ ಬಂದ ಮೇಲೂ ಅವರು ಆ ಸಂಖ್ಯೆಗಳನ್ನು ಕದಲಿಸಲಿಲ್ಲ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯ ಗುಮಾಸ್ತ ಮಂಗಳೂರಿನ ಗೋಡಂಬಿ ಕಾರ್ಖಾನೆಗೆ ಕೆಲಸಕ್ಕೆ ಹೋದರೂ ಎಫ್8 ಮಾರಾಟವೇ. ಟ್ಯೂಷನ್ ಸೆಂಟರಿನಲ್ಲಿ ಮೂರು ತಿಂಗಳ ಕೋರ್ಸ್ ಮಾಡಿದ ಹುಡುಗಿಗೆ ಆ ಐದು ಸಂಖ್ಯೆಗಳು ಊರು ಬದಲಾದರೂ ಕೈಬಿಡದ ಕಸುಬು.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ವರ್ಡ್‌ಪರ್ಫೆಕ್ಟಿನಲ್ಲಿ ಸಹಾಯ ಕೇಳಲು ಎಫ್3, ಹೊರಗೆ ಬರಲು ಎಫ್7. ಬೇರೆ ಕಡೆ ಸಹಾಯ ಎಫ್1. ಇದಕ್ಕೆಲ್ಲ ಒಂದು ಶಿಸ್ತು ತರಲು ಐಬಿಎಂ 1987ರಲ್ಲಿ ನಿಯಮಾವಳಿಯನ್ನೇ ಹೊರಡಿಸಬೇಕಾಯಿತು. ಖಾಲಿ ಜಾಗ ಕೊಟ್ಟರೆ ಕಸವೂ ಬೀಳುತ್ತದೆ. ಇಂದಿಗೂ ಎಸ್ಕೇಪ್ ಒತ್ತಲು ಹೋದ ಬೆರಳು ಜಾರಿ ಎಫ್1ಕ್ಕೆ ತಾಗಿ, ಕೇಳದ ಸಹಾಯದ ಕಿಟಕಿ ಎದ್ದು ನಿಂತಾಗ ನಾನು ಬೈದುಕೊಳ್ಳುತ್ತೇನೆ. ಎಕ್ಸೆಲ್‌ನಲ್ಲಿ ಎಫ್2 ಒತ್ತಿದರೆ ಕೋಶ ತಿದ್ದಬಹುದು, ಎಫ್4 ಒತ್ತಿದರೆ ಡಾಲರ್ ಚಿಹ್ನೆ ಬೀಳುತ್ತದೆ ಅನ್ನುವುದನ್ನು ನೋಡಿ ಊಹಿಸಲು ಯಾರಿಂದಲೂ ಆಗದು. ಯಾರೋ ಹೇಳಿಕೊಡಬೇಕು. ಕಲಿತವರಿಗೆ ಹಬ್ಬ, ಕಲಿಯದವರಿಗೆ ಗೋಡೆ.

ಲ್ಯಾಪ್‌ಟಾಪ್ ಬಂದಾಗ ಎದ್ದ ಸಮಸ್ಯೆಯೂ ಸುಳ್ಳಲ್ಲ. ಮೇಜಿನ ಕಂಪ್ಯೂಟರಿನಲ್ಲಿ ಪರದೆಯ ಬೆಳಕಿಗೆ ಮಾನಿಟರಿನಲ್ಲೇ ಗುಂಡಿ, ಸದ್ದಿಗೆ ಸ್ಪೀಕರಿನಲ್ಲಿ ತಿರುಪು. ಎಲ್ಲವೂ ಒಂದೇ ಡಬ್ಬಿಯೊಳಗೆ ಸೇರಿದಾಗ ಆ ಗುಂಡಿಗಳಿಗೆ ಜಾಗ ಬೇಕಾಯಿತು. ಆಗ ಕಂಡುಕೊಂಡ ಉಪಾಯ ಎಫ್ಎನ್ ಎಂಬ ಇನ್ನೊಂದು ಕೀಲಿ. ಅದನ್ನು ಹಿಡಿದು ಎಫ್5 ಒತ್ತಿದರೆ ಬೆಳಕು ತಗ್ಗಲಿ, ಸುಮ್ಮನೆ ಒತ್ತಿದರೆ ಎಫ್5 ಆಗಿಯೇ ಇರಲಿ. ಮನೆಯ ಯಜಮಾನನಿಗೆ ನಡುಮನೆ, ಬಂದ ನೆಂಟನಿಗೆ ಜಗಲಿ. ಇದು ನ್ಯಾಯವಾದ ಒಪ್ಪಂದವಾಗಿತ್ತು. ತಲೆಕೆಳಗಾದದ್ದು ಆಮೇಲೆ. ಬರಬರುತ್ತಾ ನೆಂಟ ನಡುಮನೆಗೆ ಬಂದ, ಯಜಮಾನ ಜಗಲಿಗೆ ಹೋದ. ಈಗ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಚಿತ್ರ ದೊಡ್ಡದು, ಮೂಲೆಯಲ್ಲಿ ಎಫ್8 ಎಂಬ ಬರಹ ಇರುವೆ ಗಾತ್ರದ್ದು. ಕ್ರೋಮ್‌ಬುಕ್ಕುಗಳಲ್ಲಂತೂ ಸಾಮಾನ್ಯವಾಗಿ ಆ ಬರಹವೂ ಇಲ್ಲ.

ಕಂಪನಿಗಳ ವಾದ ಹೀಗಿದೆ: ಹೆಚ್ಚಿನ ಜನಕ್ಕೆ ಬೇಕಿರುವುದು ಸದ್ದು, ಬೆಳಕು, ಮೈಕು, ಎಫ್7 ಯಾರಿಗೆ ಬೇಕು? ಈ ವಾದಕ್ಕೆ ತೂಕವಿದೆ. ನನ್ನ ತಾಯಿ ಲ್ಯಾಪ್‌ಟಾಪಿನಲ್ಲಿ ಧಾರಾವಾಹಿ ನೋಡುವಾಗ ಎಫ್7 ಬಳಸಿದ್ದನ್ನು ನಾನು ಕಂಡಿಲ್ಲ, ಸದ್ದು ಹೆಚ್ಚಿಸುವ ಕೀಲಿಯನ್ನು ಮಾತ್ರ ದಿನವೂ ಒತ್ತುತ್ತಾರೆ. ಆದರೆ ‘ಹೆಚ್ಚಿನ ಜನ’ ಎಂದು ತಲೆ ಎಣಿಸುವಾಗ ಒಂದು ಮೋಸ ನಡೆದುಹೋಗುತ್ತದೆ. ಸದ್ದು ಹೆಚ್ಚಿಸುವವರು ಒಂದು ಸಿನಿಮಾಕ್ಕೆ ಎರಡು ಸಲ ಒತ್ತುತ್ತಾರೆ, ತಪ್ಪಿದರೆ ನಷ್ಟವೇನೂ ಇಲ್ಲ. ಬಿಲ್ಲು ಬರೆಯುವವನು ದಿನಕ್ಕೆ ನೂರಾರು ಸಲ ಒತ್ತುತ್ತಾನೆ, ಕೀಲಿಯ ಕಡೆ ಕಣ್ಣು ಹಾಯಿಸದೆ ಒತ್ತುತ್ತಾನೆ, ತಪ್ಪಿದರೆ ಕೆಲಸವೇ ನಿಲ್ಲುತ್ತದೆ. ಜನರನ್ನು ಎಣಿಸಿದರೆ ನೋಡುಗ ಗೆಲ್ಲುತ್ತಾನೆ. ಒತ್ತುವುದನ್ನು ಎಣಿಸಿದರೆ ದುಡಿಯುವವನು. ಕೀಲಿಮಣೆ ಎಂಬುದು ಒತ್ತುವ ವಸ್ತು. ಹಾಗಾಗಿ ಎರಡನೆಯ ಲೆಕ್ಕವೇ ಸರಿ ಎಂದು ನನ್ನ ಅಭಿಪ್ರಾಯ.

ಈಗ ‘ಸೆಟ್ಟಿಂಗ್ ಬದಲಿಸಿ’ ಎಂಬ ಮಾತಿಗೆ ಬರೋಣ. ಎಲ್ಲಿ ಬದಲಿಸುವುದು? ಕೆಲವು ಯಂತ್ರಗಳಲ್ಲಿ ಎಫ್ಎನ್ ಹಿಡಿದು ಎಸ್ಕೇಪ್ ಒತ್ತಬೇಕು. ಕೆಲವಕ್ಕೆ ಬಯಾಸ್ ಎಂಬ, ಯಂತ್ರದ ಮೂಲ ಸೆಟ್ಟಿಂಗುಗಳ ಪುಟದೊಳಗೆ ಹೋಗಬೇಕು. ಬಯಾಸ್‌ಗೆ ಹೋಗಲು ಯಂತ್ರ ಎಚ್ಚರಗೊಳ್ಳುವ ಆ ಎರಡು ಕ್ಷಣದಲ್ಲಿ ಎಫ್2 ಒತ್ತಬೇಕು, ಇಲ್ಲವೇ ಎಫ್10, ಇಲ್ಲವೇ ಡಿಲೀಟ್, ಕಂಪನಿಗೊಂದು ರೀತಿ. ಫಂಕ್ಷನ್ ಕೀಲಿ ಸರಿಮಾಡಲು ಫಂಕ್ಷನ್ ಕೀಲಿಯೇ ಬೇಕು ಅನ್ನುವುದು ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಕೀಲಿಯನ್ನು ಸಂಭಾಳಿಸುವುದು ಕೀಲಿಮಣೆಯ ಹಿಂದೆ ಕೂತ ಪುಟ್ಟ ಚಿಪ್ಪು. ವಿಂಡೋಸಿಗೆ ಅದು ಒತ್ತಿದ ಸುದ್ದಿಯೇ ಮುಟ್ಟುವುದಿಲ್ಲ. ಹೊರಗಿನ ತಂತ್ರಾಂಶ ಹಾಕಿ ಬದಲಿಸುತ್ತೇನೆಂದರೆ ಹಿಡಿಯಲು ಏನೂ ಸಿಗದು.

ಇನ್ನು ಬದಲಿಸಿದ ಮೇಲಾದರೂ ಅದು ಬದಲಾಗಿದೆ ಎಂದು ಹೇಗೆ ಗೊತ್ತು? ನಾವು ದಿನವೂ ಬಳಸುವ ಕಟ್-ಕಾಪಿ-ಪೇಸ್ಟ್ ರೂಪಿಸಿದವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲಿ ‘ನೋ ಮೋಡ್ಸ್’ ಎಂದು ಬರೆಸಿಕೊಂಡಿದ್ದರು. ಒಂದೇ ಕೀಲಿ ಒಂದು ಸ್ಥಿತಿಯಲ್ಲಿ ಒಂದು ಕೆಲಸ, ಇನ್ನೊಂದು ಸ್ಥಿತಿಯಲ್ಲಿ ಇನ್ನೊಂದು ಕೆಲಸ ಮಾಡಿದರೆ ಮನುಷ್ಯ ಎಡವಿಯೇ ಎಡವುತ್ತಾನೆ ಎಂಬುದು ಅವರ ಜೀವಮಾನದ ಹಟ. ಕ್ಯಾಪ್ಸ್ ಲಾಕ್‌ಗೆ ಹೆಚ್ಚಿನ ಯಂತ್ರಗಳಲ್ಲಿ ಒಂದು ದೀಪವಾದರೂ ಇರುತ್ತದೆ. ಮೇಲಿನ ಸಾಲನ್ನು ಹೀಗೆ ತಿರುಗಿಸುವ ಎಫ್ಎನ್ ಲಾಕ್‌ಗೆ ಎಷ್ಟೋ ಯಂತ್ರಗಳಲ್ಲಿ ಅದೂ ಇಲ್ಲ. ಗೊತ್ತಾಗುವುದು ನೆಟ್ ಹೋದಾಗ.

ಕನ್ನಡ ಬರೆಯುವವರಿಗೆ ಹೀಗೆ ಕೀಲಿ ಕಳೆದುಕೊಂಡ ಅನುಭವ ಮೊದಲೇ ಆಗಿದೆ. ನುಡಿ ತಂತ್ರಾಂಶದಲ್ಲಿ ಕನ್ನಡದಿಂದ ಇಂಗ್ಲಿಷಿಗೆ ದಾಟಲು ಸ್ಕ್ರಾಲ್ ಲಾಕ್ ಒತ್ತುವುದು ರೂಢಿಯಾಗಿತ್ತು. ಬೇರೆ ಯಾರೂ ಕೇಳದ ಕೀಲಿಯನ್ನು ಕನ್ನಡಕ್ಕೆ ಇಟ್ಟುಕೊಂಡದ್ದು ಜಾಣತನವೇ. ಆದರೆ ಯಾರೂ ಕೇಳದ ಕೀಲಿ ಎಂಬ ಕಾರಣಕ್ಕೇ ಲ್ಯಾಪ್‌ಟಾಪಿನವರು ಮೊದಲು ಕಿತ್ತದ್ದೂ ಅದನ್ನೇ. ಡಿಟಿಪಿ ಅಂಗಡಿಯ ಗೆಳೆಯರು ಲ್ಯಾಪ್‌ಟಾಪಿಗೂ ಹೊರಗಿನ ಕೀಬೋರ್ಡ್ ಸಿಕ್ಕಿಸಿ ಕೂರುವುದನ್ನು ನೋಡಿ ನಾನು ಒಂದು ಕಾಲಕ್ಕೆ ಹಾಸ್ಯ ಮಾಡಿದ್ದಿದೆ.

ಕಣ್ಣು ಕಾಣದವರ ಪಾಡು ಇದಕ್ಕಿಂತ ತೊಡಕಿನದು. ಹಳೆಯ ದೊಡ್ಡ ಕೀಲಿಮಣೆಯಲ್ಲಿ ಫಂಕ್ಷನ್ ಕೀಲಿಗಳು ನಾಲ್ಕು ನಾಲ್ಕರ ಮೂರು ಗುಂಪು. ಎಫ್4 ಆದ ಮೇಲೊಂದು ಸಂದು, ಎಫ್8 ಆದ ಮೇಲೊಂದು ಸಂದು. ಬೆರಳಾಡಿಸಿದರೆ ಎಫ್5 ಎಲ್ಲಿ ಶುರು ಎಂದು ತಿಳಿಯುತ್ತದೆ. ಎಫ್ ಮತ್ತು ಜೆ ಅಕ್ಷರಗಳ ಮೇಲಿನ ಗೀಟಿನಷ್ಟೇ ಉಪಕಾರಿಯಾದ ಸಂದು ಅದು. ಸಣ್ಣ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಅದು ಮುಚ್ಚಿಹೋಗಿ ಕೀಲಿಗಳು ರೈಲು ಡಬ್ಬಿಯಂತೆ ಒಂದಕ್ಕೊಂದು ಅಂಟಿಕೊಂಡಿವೆ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಕನ್ನಡವನ್ನೂ ಓದುತ್ತದೆ. ಪುಟದಲ್ಲಿರುವ ಕೊಂಡಿಗಳ ಪಟ್ಟಿ ಬೇಕೆಂದರೆ ಅದರಲ್ಲಿ ಇನ್ಸರ್ಟ್ ಹಿಡಿದು ಎಫ್7 ಒತ್ತಬೇಕು. ಎಫ್7 ಎಫ್ಎನ್‌ನ ಹಿಂದೆ ಅಡಗಿದರೆ ಎರಡು ಕೀಲಿಯ ಕೆಲಸ ಮೂರಾಗುತ್ತದೆ. ಇನ್ಸರ್ಟನ್ನೂ ಎಲ್ಲೋ ಅಡಗಿಸಿಟ್ಟಿದ್ದರೆ ಕೇಳುವುದೇ ಬೇಡ. ಬೆಳಕು ತಗ್ಗಿಸುವ ಕೀಲಿ ಅವರಿಗೆ ಏತಕ್ಕೆ?

ಕೀಲಿಯನ್ನೇ ಕಿತ್ತುಹಾಕಿದ ಪ್ರಯೋಗಗಳೂ ನಡೆದವು. 2014ರಲ್ಲಿ ಲೆನೊವೊ ತನ್ನ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನಲ್ಲಿ ಫಂಕ್ಷನ್ ಸಾಲಿನ ಬದಲು ಮುಟ್ಟಿದರೆ ಕೆಲಸ ಮಾಡುವ ಪಟ್ಟಿ ಇಟ್ಟಿತು. ಮುಂದಿನ ವರ್ಷವೇ ಕೈಬಿಟ್ಟಿತು. 2016ರಲ್ಲಿ ಆಪಲ್ ಮ್ಯಾಕ್‌ಬುಕ್ ಪ್ರೊಗೆ ಟಚ್ ಬಾರ್ ಎಂಬ ಗಾಜಿನ ಪಟ್ಟಿ ತಂದಿತು. ಎಸ್ಕೇಪ್ ಕೀಲಿಯೂ ಗಾಜಿನ ಮೇಲಿನ ಬೆಳಕಾಯಿತು. ವಿಮ್ ಎಂಬ ಎಡಿಟರ್ ಬಳಸಿ ಕೋಡ್ ಬರೆಯುವವರಿಗೆ ಎಸ್ಕೇಪ್ ಅಂದರೆ ನಿಮಿಷಕ್ಕೆ ಹತ್ತು ಸಲ ಬೇಕಾದ ಕೀಲಿ, ಅವರು ಎಬ್ಬಿಸಿದ ಗಲಾಟೆ ಸಣ್ಣದಲ್ಲ. 2019ರಲ್ಲಿ ಎಸ್ಕೇಪ್ ಮರಳಿತು, 2021ರಲ್ಲಿ 14 ಮತ್ತು 16 ಇಂಚಿನ ಮಾದರಿಗಳಲ್ಲಿ ಇಡೀ ಸಾಲು ಪೂರ್ತಿ ಎತ್ತರದ ಕೀಲಿಗಳಾಗಿ ಮರಳಿತು. ಇಷ್ಟಾದ ಮೇಲೂ 2022ರಲ್ಲಿ ಡೆಲ್ ತನ್ನ ಎಕ್ಸ್‌ಪಿಎಸ್ 13 ಪ್ಲಸ್‌ನಲ್ಲಿ ಅದೇ ಹಾದಿ ಹಿಡಿಯಿತು.

ಟಚ್ ಬಾರನ್ನು ಎಲ್ಲರೂ ಬೈದರು. ಅದರ ಪರವಾಗಿ ಒಂದು ಮಾತು ನನಗಿದೆ. ಅದರ ಹಿಂದಿದ್ದ ಆಲೋಚನೆ ವರ್ಡ್‌ಪರ್ಫೆಕ್ಟಿನ ಆ ಬಣ್ಣದ ಪಟ್ಟಿಯದೇ: ಯಾವ ಕೆಲಸ ತೆರೆದಿದ್ದೇವೋ ಅದಕ್ಕೆ ತಕ್ಕ ಹೆಸರು ಕೀಲಿಯ ಮೇಲೆ ಮೂಡಲಿ. ಖಾಲಿ ಜಾಗದ ಮೂಲ ತತ್ವಕ್ಕೆ ವಿಮಾನದ ಚಿತ್ರ ಅಚ್ಚೊತ್ತಿದ ಕೀಲಿಗಿಂತ ಅದೇ ಹತ್ತಿರ. ಸೋತದ್ದು ಬೆರಳಿನ ವಿಷಯದಲ್ಲಿ. ಗಾಜಿಗೆ ಅಂಚಿಲ್ಲ, ಒತ್ತಿದ್ದಕ್ಕೆ ಮರುದನಿ ಇಲ್ಲ, ನೋಡದೆ ಒತ್ತುವಂತಿಲ್ಲ. ಹೆಸರು ಬದಲಾಗಲಿ, ಜಾಗ ಕದಲದಿರಲಿ ಎಂಬಷ್ಟು ಸಣ್ಣ ಬೇಡಿಕೆಯನ್ನು ಅವರು ಕೇಳಿಸಿಕೊಂಡಿದ್ದರೆ, ಕೀಲಿಯ ಮೇಲೇ ಪುಟ್ಟ ಪರದೆ ಇಟ್ಟಿದ್ದರೆ, ನಾನೂ ಸಾಲ ಮಾಡಿ ಕೊಳ್ಳುತ್ತಿದ್ದೆನೇನೋ.

ಜಾಗವಿಲ್ಲ ಎಂಬ ಕಾರಣವನ್ನಂತೂ ಇನ್ನು ನಂಬುವುದು ಕಷ್ಟ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಎಐ ಸಹಾಯಕನಿಗಾಗಿ ಕೋಪೈಲಟ್ ಎಂಬ ಹೊಸ ಕೀಲಿ ಸಾರಿತು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಬಲಗಡೆಯ ಕಂಟ್ರೋಲನ್ನೋ ಮೆನು ಕೀಲಿಯನ್ನೋ ಎಬ್ಬಿಸಿ ಅದಕ್ಕೆ ಜಾಗ ಮಾಡಿಕೊಟ್ಟರು. ದುಡಿಯುವವನ ಹನ್ನೆರಡು ಕೀಲಿಗೆ ಸಿಗದ ಜಾಗ ಮಾರುವವನ ಒಂದು ಕೀಲಿಗೆ ಸಲೀಸಾಗಿ ಸಿಕ್ಕಿತು. ಇದರೊಳಗೆ ಒಂದು ತಮಾಷೆಯೂ ಇದೆ. ಆ ಕೀಲಿ ಒತ್ತಿದಾಗ ಕಂಪ್ಯೂಟರಿಗೆ ತಲುಪುವ ಸಂಕೇತ ಶಿಫ್ಟ್, ವಿಂಡೋಸ್ ಮತ್ತು ಎಫ್23! 3270ರ ಕಾಲದ ಇಪ್ಪತ್ತನಾಲ್ಕು ಕೀಲಿಗಳ ಸಂಖ್ಯೆಗಳನ್ನು ವಿಂಡೋಸ್ ಒಳಗೊಳಗೇ ಇಟ್ಟುಕೊಂಡಿದೆ. ತಮಗೆ ಬೇಕಾದಾಗ ಖಾಲಿ ಸಂಖ್ಯೆಯ ಬೆಲೆ ಅವರಿಗೂ ಗೊತ್ತು.

ನಾನು ಕೇಳುವುದು ಇಪ್ಪತ್ತನಾಲ್ಕಲ್ಲ. ಹೊಸ ಯಂತ್ರ ಮೊದಲ ಸಲ ತೆರೆದಾಗ ಭಾಷೆ ಯಾವುದು, ವೈಫೈ ಯಾವುದು ಎಂದು ಹತ್ತು ಪ್ರಶ್ನೆ ಕೇಳುತ್ತಾರೆ. ಹನ್ನೊಂದನೆಯದಾಗಿ ‘ಮೇಲಿನ ಸಾಲು ನಿಮಗೆ ಏತಕ್ಕೆ ಬೇಕು?’ ಎಂದು ಕೇಳಲಿ. ನನ್ನ ತಾಯಿ ಸದ್ದಿಗೆ ಎನ್ನಲಿ, ಚಿಕ್ಕಪ್ಪ ಕೆಲಸಕ್ಕೆ ಎನ್ನಲಿ. ಯಾವ ಸ್ಥಿತಿಯಲ್ಲಿದೆ ಎಂದು ತೋರಿಸಲು ಸಾಸಿವೆ ಕಾಳಿನಷ್ಟು ದೀಪ ಇರಲಿ. ನಾಲ್ಕು ಕೀಲಿಗೊಮ್ಮೆ ಒಂದು ಸಂದು ಬಿಡಲಿ. ಲಕ್ಷ ರೂಪಾಯಿಯ ವಸ್ತುವಿನಲ್ಲಿ ಇದಕ್ಕೆ ಆಗುವ ಖರ್ಚು ಎಷ್ಟು?

ಚಿಕ್ಕಪ್ಪನಿಗೆ ಅಂದು ಫೋನಿನಲ್ಲೇ ಹೇಳಿಕೊಟ್ಟೆ. “ಎಡಗಡೆ ಕೆಳಗೆ ಎಫ್ಎನ್ ಅಂತ ಇದೆ ನೋಡಿ ಚಿಕ್ಕಪ್ಪ, ಅದನ್ನು ಹಿಡ್ಕೊಂಡು ಮೇಲಿನ ಎಸ್ಕೇಪ್ ಒತ್ತಿ.” ಸರಿಹೋಯಿತು. ನಾಲ್ಕು ದಿನ ನೆಮ್ಮದಿ. ಐದನೆಯ ದಿನ ಕೆಲಸದ ಹುಡುಗ ಕೀಲಿಮಣೆ ಒರೆಸುವಾಗ ಎಲ್ಲಿ ಒತ್ತಿದನೋ, ಮತ್ತೆ ವಿಮಾನ.

ದೀಪಾವಳಿಗೆ ಹೋದಾಗ ಮಂಡಿಗೆ ಹೋಗಿ ನೋಡಿದೆ. ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ಗೋಡೆಗೆ ಒರಗಿಕೊಂಡಿತ್ತು. ಅದರ ಮುಂದೆ ಸುಟ್ಟುಹೋದ ಹಳೆಯ ಕಂಪ್ಯೂಟರಿನ ಕೀಬೋರ್ಡು, ಸಿಡಿಲಿಗೆ ಬದುಕಿ ಉಳಿದದ್ದು. ಅಡಿಕೆ ದೂಳು ಕೂತು ಬಣ್ಣ ಕಂದಿದೆ. ಎಫ್8, ಎಫ್9ರ ಅಕ್ಷರ ಪೂರ್ತಿ ಸವೆದು ಬೋಳಾಗಿವೆ, ಎಫ್11 ಮಾತ್ರ ಅಂಗಡಿಯಿಂದ ತಂದ ದಿನದಂತೆ ಹೊಳೆಯುತ್ತಿದೆ. ಚಿಕ್ಕಪ್ಪ ತೂಕದ ಚೀಟಿ ಓದುತ್ತಾ, ಆ ಬೋಳು ಕೀಲಿಯ ಮೇಲೆ ಬೆರಳಿಟ್ಟು, ನನ್ನ ಕಡೆ ನೋಡದೆಯೇ “ಕಾಫಿ ಕುಡೀತೀಯೇನೋ?” ಅಂದರು.